ಸೋಸಿ ಕಳಿಸಿದ ಎಲೆ

ಮೊದಲ ಸಲ ನನ್ನ ಮೇಜಿಗೆ ಬಂದಾಗ ಆ ಎಲೆಗಳು ಗರಂ ಮಸಾಲೆಯ ವಾಸನೆ ಹೊಡೆಯುತ್ತಿದ್ದವು. ಮಸಾಲೆಪುಡಿಯ ಖಾಲಿ ಪ್ಯಾಕೆಟ್ಟಿನಲ್ಲಿ ಒಂದು ಹಿಡಿ ಎಲೆ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಎಲೆಯನ್ನು ಹಿಸುಕಿ ಮೂಸಿ ನೋಡುವುದು ನಮ್ಮ ಕೆಲಸದ ಮೊದಲ ಪಾಠ. ನಾನು ಹಿಸುಕಿ ಮೂಸಿದೆ. ಲವಂಗ, ಚಕ್ಕೆ, ಸ್ವಲ್ಪ ಜೀರಿಗೆ.

ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಸತ್ಕಾರವೇನೂ ಇಲ್ಲ. ಯಾರಿಗೂ ಬೇಡವಾದ ಕೆಲಸಗಳು ನನ್ನ ಮೇಜಿಗೆ ತಾವಾಗಿಯೇ ನಡೆದು ಬರುತ್ತವೆ. ಇದೂ ಹಾಗೆಯೇ ಬಂತು.

“ಅಕ್ಕೋರ, ಇದು ಯಾವ ತಪ್ಪಲ ಅಂತ ಬರದು ಕೊಡ್ರಿ. ನಮ್ಮ ಮೇಲ್ವಿಚಾರಕಿಯವ್ರು ಬರವಣಿಗ್ಯಾಗ ಬೇಕು ಅಂದಾರ,” ಎಂದರು ಕಾರ್ಯಕರ್ತೆ. ತಪ್ಪಲ ಎಂದರೆ ನಮ್ಮ ಕಡೆ ಸೊಪ್ಪು.

ಕುಳ್ಳಿರಿಸಿ ಕೇಳಿದಾಗ ವಿಷಯ ಹೊರಬಂತು. ಅಂಗನವಾಡಿಯ ಕಾಂಪೌಂಡಿನಲ್ಲಿ ಪೌಷ್ಟಿಕ ಕೈತೋಟ ಮಾಡಿದ್ದರು. ಗಂಗಾವತಿ ಕಡೆಯ ನರ್ಸರಿಯೊಂದರಿಂದ ಚಕ್ರಮುನಿ ಸಸಿ ತರಿಸಿ ಹಚ್ಚಿದ್ದರು. ಜನ ಅದನ್ನು ವಿಟಮಿನ್ ಸೊಪ್ಪು ಎನ್ನುತ್ತಾರೆ. ಅಡಿಗೆ ಮಾಡುವ ಸಹಾಯಕಿ ವಾರಕ್ಕೆರಡು ಸಲ ಅದನ್ನು ಬೇಳೆಗೆ ಹಾಕುತ್ತಿದ್ದಳು. ಹಿಂದಿನ ವಾರ ಊಟವಾದ ಮೇಲೆ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು. ಮರುದಿನ ಬೆಳಿಗ್ಗೆ ಇಬ್ಬರೂ ಓಣಿಯಲ್ಲಿ ಆಡುತ್ತಿದ್ದರು, ಆದರೆ ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು: ಸಹಾಯಕಿ ಬೇಲಿಗಿಡದ ಸೊಪ್ಪು ಹಾಕಿ ಮಕ್ಕಳಿಗೆ ವಿಷ ಉಣ್ಣಿಸಿದ್ದಾಳೆ. ದೂರು ಹೋಯಿತು. ಸೊಪ್ಪು ಯಾವುದೆಂದು ಖಾತ್ರಿಯಾಗುವವರೆಗೆ ಆಕೆ ಒಳಗೆ ಕಾಲಿಡಬಾರದು, ಬೇರೆ ಸೊಪ್ಪು ಎಂದು ತಿಳಿದರೆ ಕೆಲಸದಿಂದ ತೆಗೆಯುವುದು ಎಂದು ಆದೇಶವಾಯಿತು.

“ಆಕಿ ಸೇರಿ ಆರು ತಿಂಗಳ ಆಗಿಲ್ರಿ. ಈ ಕೆಲಸ ಹೋದ್ರ ಮತ್ತ ಹೊಲದ ಕೂಲಿಗೆ ಹೋಗಬೇಕು,” ಎಂದರು ಕಾರ್ಯಕರ್ತೆ.

ಎಲೆಗಳನ್ನು ಬಿಳಿ ಹಾಳೆಯ ಮೇಲೆ ಹರಡಿದೆ. ಹೆಬ್ಬೆರಳಿಗಿಂತ ತುಸು ಉದ್ದ, ಮೊಟ್ಟೆಯಾಕಾರ, ಚೂಪು ತುದಿ, ಹಲ್ಲಿಲ್ಲದ ಅಂಚು, ಅಡಿಭಾಗ ಪೇಲವ. ಚಕ್ರಮುನಿ ಇರಬಹುದು. ಆದರೆ ಬೇಲಿಗಿಡ ಎಂದು ಊರವರು ಹೇಳುತ್ತಿದ್ದುದು ಗ್ಲಿರಿಸಿಡಿಯಾ. ರೈತರು ಬದುವಿಗೆ ಹಚ್ಚುವ ಗೊಬ್ಬರದ ಗಿಡ. ಅದರ ಬೀಜ, ತೊಗಟೆ ಇಲಿಗೆ ವಿಷ. ಅದರ ಬಿಡಿ ಎಲೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಚಕ್ರಮುನಿಯನ್ನು ನಾನು ಪುಸ್ತಕದಲ್ಲಿ ನೋಡಿದ್ದೆನೇ ಹೊರತು ನಮ್ಮ ಎರೆನೆಲದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು, ಹಾಗಾಗಿ ಆವತ್ತು ಒಪ್ಪಿಕೊಳ್ಳಲಿಲ್ಲ.

ಎರಡನ್ನೂ ಬೇರ್ಪಡಿಸುವ ದಾರಿ ಸುಲಭ. ಚಕ್ರಮುನಿಯದು ಒಂಟಿ ಎಲೆ. ಗೊಬ್ಬರದ ಗಿಡದ್ದು ಒಂದೇ ದಂಟಿನ ಎರಡು ಬದಿಗೆ ಸಾಲಾಗಿ ಕೂತ ಕಿರುಎಲೆ. ಎಲೆಯೋ ಕಿರುಎಲೆಯೋ ತಿಳಿಯಬೇಕಾದರೆ ತೊಟ್ಟು ಕಡ್ಡಿಗೆ ಕೂಡುವ ಕಂಕುಳನ್ನು ನೋಡಬೇಕು. ಅಲ್ಲಿ ಮೊಗ್ಗಿದ್ದರೆ ಅದು ಎಲೆ. ಇಲ್ಲದಿದ್ದರೆ ಕಿರುಎಲೆ. ಮೊದಲ ವರ್ಷದ ಮಕ್ಕಳಿಗೆ ಇದನ್ನು ನಾನು ಮೊದಲ ತಿಂಗಳಲ್ಲೇ ಕಲಿಸುತ್ತೇನೆ. ನನ್ನ ಮುಂದಿದ್ದ ಎಲೆಗಳಿಗೆ ಕಡ್ಡಿಯೇ ಇರಲಿಲ್ಲ. ತೊಟ್ಟನ್ನೂ ಯಾರೋ ಉಗುರಿನಿಂದ ನೀಟಾಗಿ ಚಿವುಟಿ ತೆಗೆದಿದ್ದರು.

“ಗಿಡಕ್ಕ ಹೂ ಬಂದೈತೇನ್ರಿ?”

“ಇಲ್ರಿ. ಹೂ ಬಂದಿದ್ದ ನಾ ಅಂತೂ ನೋಡಿಲ್ಲ.”

ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ಎಲೆಯನ್ನು ಎರಡು ಸಲ ತಿರುಗಿಸಿ ನೋಡಿದರು. “ಹೂ ಇಲ್ಲಂದ್ರ ಹೆಸರು ಹೇಳಬ್ಯಾಡ್ರಿ. ನಾಳೆ ಯಾರರೆ ಕೋರ್ಟಿಗೆ ಹೋದ್ರ ನಿಮ್ಮ ಸಹಿನೂ ನಿಲ್ಲಂಗಿಲ್ಲ, ನಂದೂ ನಿಲ್ಲಂಗಿಲ್ಲ,” ಎಂದು ಎಲೆಯನ್ನು ನನ್ನ ಕೈಗೇ ಇಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕದ್ದುಮುಚ್ಚಿ ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ತೆರೆದೆ. ಮೊದಲ ಫೋಟೊಗೆ ಅದು ಪೇರಲ ಎಂದಿತು. ಬೆಳಕಿಗೆ ತಿರುಗಿಸಿ ಇನ್ನೊಂದು ತೆಗೆದೆ, ಹೊಂಗೆ ಎಂದಿತು. ಮೂರನೆಯದಕ್ಕೆ ನಾನು ಕೇಳಿಯೇ ಇರದ ದಕ್ಷಿಣ ಅಮೆರಿಕದ ಬಳ್ಳಿಯೊಂದರ ಹೆಸರು ಹೇಳಿ, ಅಭಿನಂದನೆಯನ್ನೂ ತಿಳಿಸಿತು. ಫೋನನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.

ಕಡ್ಡಿ ಸಮೇತ ಒಂದು ಟೊಂಗೆ ಕಳಿಸಿ ಎಂದು ಹೇಳಿ ಕಾರ್ಯಕರ್ತೆಯನ್ನು ಬಸ್ಸಿಗೆ ಕಳಿಸಿದೆ. ಅವರು ಹೋದ ಮೇಲೆ ನರ್ಸರಿಯವರಿಗೆ ಫೋನ್ ಮಾಡಿದೆ. ಅವರು ಕಾಲುವೆ ಸೀಮೆಗೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಮನುಷ್ಯ. “ಮೇಡಂ, ಅದು ಮಲ್ಟಿ ವಿಟಮಿನ್ನೇ ಮೇಡಂ, ಡೌಟೇ ಇಲ್ಲ,” ಎಂದರು. ನನಗೆ ಸಮಾಧಾನವಾಗುವಷ್ಟರಲ್ಲಿ ಮುಂದುವರಿಸಿದರು: “ಬೇಲಿಗೆ ಅಂತ ಗೊಬ್ಬರದ ಗಿಡಾನೂ ಅದೇ ಆಟೋದಾಗ ಕಳಿಸಿದ್ವಿ. ಅವರು ಯಾವುದು ಎಲ್ಲಿ ನೆಟ್ಟರೋ, ಯಾವುದು ಕುಯ್ದರೋ, ನಮಗೆ ಹೆಂಗ ಗೊತ್ತಾಗಬೇಕು ಹೇಳಿ.” ಅಂದರೆ ಒಂದೇ ಕಾಂಪೌಂಡಿನಲ್ಲಿ ಎರಡೂ ಗಿಡಗಳಿದ್ದವು. ಊರವರ ಮಾತಿಗೆ ಈಗ ಆಧಾರ ಸಿಕ್ಕಿತು.

ಮೂರನೆಯ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಬಂತು. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದ ಪೊಟ್ಟಣ. ಈ ಸಲ ಮಸಾಲೆ ವಾಸನೆ ಇರಲಿಲ್ಲ. ಖುಷಿಯಿಂದ ಬಿಚ್ಚಿದೆ. ಒಳಗೆ ತೊಳೆದು ಆರಿಸಿದ, ಒಂದೇ ಅಳತೆಯ, ಒಂದೂ ತೂತಿಲ್ಲದ ಎಲೆಗಳು. ಕಡ್ಡಿ ಇಲ್ಲ, ತೊಟ್ಟೂ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು. ಪ್ರಯೋಗಾಲಯದ ಮೂಲೆಯಿಂದಲೇ ಫೋನ್ ಮಾಡಿದೆ.

“ಕಡ್ಡಿ ಸಮೇತ ಕಳಸ್ರಿ ಅಂತ ಹೇಳಿದ್ನೆಲ್ರಿ ನಾನು?”

“ಕಡ್ಡಿ ಸಮೇತ ತಂದಿದ್ವಿರಿ ಅಕ್ಕೋರ. ನಮ್ಮ ಅತ್ತಿ ನೋಡಿ, ಕಾಲೇಜಿನ ಅಕ್ಕೋರಿಗೆ ಹಂಗ ಕಳಸ್ತಾರೇನು ಅಂತ ಬೈದು ಕುಂತು ಸೋಸಿದ್ರು. ಹುಳ ತಿಂದಿದ್ದು, ಹಳದಿ ಆಗಿದ್ದು ಎಲ್ಲಾ ತಗದೀವ್ರಿ. ಛಲೋ ಛಲೋವ ಅಷ್ಟ ಇಟ್ಟೀವಿ.”

ಅವರ ದನಿಯಲ್ಲಿ ಹೊಗಳಿಕೆಯ ನಿರೀಕ್ಷೆ ಇತ್ತು. ನಮ್ಮ ಮನೆಯಲ್ಲೂ ಅಷ್ಟೇ. ಬೇಕಾದವರ ಮನೆಗೆ ಮೆಂತೆಯೋ ಪುಂಡಿಯೋ ಕೊಡುವಾಗ ನಮ್ಮವ್ವ ಅದನ್ನು ಸೋಸಿಯೇ ಕೊಡುತ್ತಿದ್ದಳು. ಬೇರು, ದಂಟು, ಕಸ ಸಮೇತ ಕೊಟ್ಟರೆ ಅವರಿಗೆ ಕೆಲಸ ಹಚ್ಚಿದಂತೆ. ಮರ್ಯಾದೆಗೆಂದು ಅವರು ಕಿತ್ತೊಗೆದದ್ದರಲ್ಲೇ ನನಗೆ ಬೇಕಾದದ್ದೆಲ್ಲ ಇತ್ತು. ಹುಳ ತಿಂದ ಎಲೆಯೂ ನನಗೆ ಬೇಕಾಗಿತ್ತು. ಕಡ್ಡಿ ಯಾಕೆ ಬೇಕು ಎಂದು ನಾನೂ ಬಿಡಿಸಿ ಹೇಳಿರಲಿಲ್ಲ. ಅಪ್ಪಣೆ ಕೊಡಿಸಿ ಕೂತಿದ್ದೆ ಅಷ್ಟೆ.

ಈ ಸಲ ಸಾವಕಾಶವಾಗಿ ವಿವರಿಸಿದೆ. ಟೊಂಗೆ ಮುರಿದು ಹಾಗೇ ಪೇಪರಿನಲ್ಲಿಟ್ಟು ಕಳಿಸಿ, ತೊಳೆಯಬೇಡಿ, ಯಾರೂ ಮುಟ್ಟಬೇಡಿ, ಅತ್ತೆಗೆ ತೋರಿಸಲೇಬೇಡಿ ಎಂದೆ. “ಆತ್ರಿ, ನಾಳೆ ಮುಂಜಾನೆ ಕಳಿಸ್ತೀನಿ,” ಎಂದರು. ಮರುದಿನ ಮುಂಜಾನೆ ಪೊಟ್ಟಣದ ಬದಲು ಫೋನ್ ಬಂತು.

“ಅಕ್ಕೋರ, ಗಿಡಾನ ಇಲ್ರಿ ಈಗ. ಯಾರೋ ಬಂದು ಬೇಲಿವು, ಒಳಗಿನ್ವು ಎಲ್ಲಾ ಕಡದು ರಸ್ತೆಕ್ಕ ಒಗದಾರ. ಆಡು ತಿಂದ ಖಾಲಿ ಮಾಡ್ಯಾವು.” ಆಮೇಲೆ ಏನೋ ಹೊಳೆದವರಂತೆ, “ಆದ್ರ ಆಡಿಗೆ ಏನೂ ಆಗಿಲ್ರಿ! ಹಂಗಾರ ವಿಷ ಅಲ್ಲ ಅಂತ ಆತಲ್ರಿ?” ಎಂದರು.

ಆಗಲಿಲ್ಲ. ಗೊಬ್ಬರದ ಗಿಡದ ಸೊಪ್ಪನ್ನು ಆಡುಗಳು ಆರಾಮವಾಗಿ ತಿಂದು ಅರಗಿಸಿಕೊಳ್ಳುತ್ತವೆ. ಅದನ್ನು ಅವರಿಗೆ ಹೇಳುವಾಗ ನನ್ನ ಮೇಲೆ ನನಗೇ ಜಿಗುಪ್ಸೆ ಬಂತು. ಅವರು ಹಿಡಿದು ತಂದ ಒಂದೊಂದು ಭರವಸೆಯನ್ನೂ ನಾನು ಪಾಠ ಹೇಳಿ ಕಿತ್ತುಕೊಳ್ಳುತ್ತಿದ್ದೆ. ದೂರು ಹೋಗಿ ಹತ್ತು ದಿನಗಳಾಗಿದ್ದವು. ಸಹಾಯಕಿ ಹತ್ತು ದಿನದಿಂದ ಮನೆಯಲ್ಲಿ ಕೂತಿದ್ದಳು. ಮೇಲ್ವಿಚಾರಕಿ ನನಗೇ ಫೋನ್ ಮಾಡಿ, “ಹೌದೋ ಅಲ್ಲೋ ಒಂದು ಮಾತು ಹೇಳ್ರಿ. ಸೋಮವಾರದೊಳಗ ಬರಲಿಲ್ಲಂದ್ರ ನಾ ಬ್ಯಾರೆಯಾಕಿನ್ನ ನೋಡಬೇಕಾಕ್ಕೈತಿ,” ಎಂದರು.

ಕೂತಲ್ಲಿಂದ ಗಿಡ ಗುರುತಿಸುವ ಹಟ ಅಲ್ಲಿಗೆ ಬಿಟ್ಟೆ. ಮೊದಲ ದಿನವೇ ಬಸ್ಸು ಹತ್ತಬೇಕಿತ್ತು. ಪರೀಕ್ಷೆ ಕೊಠಡಿಯ ಮೇಲ್ವಿಚಾರಣೆಯನ್ನು ಗೆಳತಿಯೊಬ್ಬಳ ತಲೆಗೆ ಕಟ್ಟಿ, ಶುಕ್ರವಾರ ಯಲಬುರ್ಗಾಕ್ಕೆ ಹೋಗಿ, ಅಲ್ಲಿಂದ ಕುಷ್ಟಗಿ ಕಡೆಯ ಇನ್ನೊಂದು ಬಸ್ಸು ಹಿಡಿದು ಹಳ್ಳಿಯ ಕ್ರಾಸಿನಲ್ಲಿ ಇಳಿದೆ. ಚೀಲದಲ್ಲಿ ಭೂತಗನ್ನಡಿ, ಚಾಕು, ಹಳೇ ಪೇಪರು.

ಕಾಂಪೌಂಡಿನಲ್ಲಿ ಗೇಣುದ್ದದ ಬುಡಗಳು ಉಳಿದಿದ್ದವು. ಬೇಲಿಗುಂಟ ಇದ್ದವನ್ನು ಗುರುತಿಸಲು ಭೂತಗನ್ನಡಿಯೂ ಬೇಕಿರಲಿಲ್ಲ: ಬೂದುಬಣ್ಣದ ತೊಗಟೆ, ಅದರ ತುಂಬ ಬಿಳಿ ಚುಕ್ಕೆ. ಗೊಬ್ಬರದ ಗಿಡವೇ. ಅಡಿಗೆಮನೆ ಪಕ್ಕದ ಮಡಿಯಲ್ಲಿದ್ದವು ತೆಳ್ಳಗಿನ ಹಸಿರು ಬುಡಗಳು, ಬೇರೆಯೇ ಗಿಡ. ಒಂದರಲ್ಲೂ ಚಿಗುರು ಒಡೆದಿರಲಿಲ್ಲ. ಗೇಟಿನ ಹತ್ತಿರ ನಾಲ್ಕೈದು ಜನ ತಾಯಂದಿರು ಬಂದು ನಿಂತರು.

“ಆಕಿ ಈ ಬೇಲಿದ ಹರಕೊಂಡು ಹೋಗೂದನ್ನ ನಾವ ನೋಡೀವ್ರಿ,” ಎಂದಳು ಒಬ್ಬಾಕೆ.

“ಯಾವತ್ತು ನೋಡಿದ್ರಿ?”

“ದಿನಾ!”

ಈಗ ಪ್ರಶ್ನೆ ಬದಲಾಗಿತ್ತು. ಕಾಂಪೌಂಡಿನಲ್ಲಿ ಯಾವ ಗಿಡಗಳಿದ್ದವು ಎಂಬುದಲ್ಲ, ಸಹಾಯಕಿಯ ಕೈ ಯಾವ ಗಿಡಕ್ಕೆ ಹೋಗಿತ್ತು ಎಂಬುದು. ಅದಕ್ಕೆ ಬುಡ ಸಾಕ್ಷಿ ಹೇಳುವುದಿಲ್ಲ. ಆಕೆಯನ್ನು ಕರೆಸಿ ಎಂದೆ. ಊರ ಹೊರಗಿನ ಕೇರಿಯಿಂದ ಬಂದಳು. ಮೂವತ್ತರ ಆಚೀಚಿನ ಹೆಣ್ಣುಮಗಳು, ಗೇಟಿನ ಹೊರಗೇ ನಿಂತಳು. “ಒಳಗ ಬರಬ್ಯಾಡ ಅಂದಾರ್ರಿ,” ಎಂದಳು. ನಾನೇ ಹೊರಗೆ ಹೋಗಿ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಆಕೆಯ ಪಕ್ಕ ಕೂತೆ.

ಎಲೆ ಹೇಗಿತ್ತು, ಎಷ್ಟು ಉದ್ದ ಇತ್ತು, ಹಾಲು ಬರುತ್ತಿತ್ತೇ ಎಂದು ಕೇಳಿದೆ. ಎಲ್ಲದಕ್ಕೂ ಅಂಜಿ ಅಂಜಿ ಒಂದೊಂದೇ ಮಾತು. ಹೂ ಬಂದಿತ್ತೇ ಎಂದು ಕೇಳಿದೆ. “ಇಲ್ರಿ.” ಅದೇ ಉತ್ತರ. ತಲೆ ಚಚ್ಚಿಕೊಳ್ಳುವಂತಾಯಿತು. ಇನ್ನು ಕೇಳಲು ನನ್ನಲ್ಲಿ ಪ್ರಶ್ನೆ ಉಳಿದಿರಲಿಲ್ಲ. ಮೇಲೆ ಜೋತಾಡುತ್ತಿದ್ದ ಬೇವಿನ ಒಂದು ಎಸಳು ಮುರಿದು ಆಕೆಯ ಕೈಗೆ ಕೊಟ್ಟೆ.

“ಆ ತಪ್ಪಲ ಹೆಂಗ ಸೋಸ್ತಿದ್ದಿ, ಇದರಾಗ ತೋರಸವ್ವ.”

ಕೈಗೆ ಕೆಲಸ ಬಂದೊಡನೆ ಆಕೆಯ ಅಂಜಿಕೆ ಹೋಯಿತು. ಬೇವಿನ ದಂಟನ್ನು ತುದಿಯಲ್ಲಿ ಹಿಡಿದು ಎರಡು ಬೆರಳಿನಿಂದ ಹಿಮ್ಮುಖ ಜಗ್ಗಿದಳು. ಎಲೆಗಳೆಲ್ಲ ಒಟ್ಟಿಗೆ ಉಡಿಗೆ ಬಿದ್ದವು.

“ಬೇವಿಂದು ಹಿಂಗ ಸರ್ರ್ ಅಂತ ಬರ್ತೈತ್ರಿ. ಆ ತಪ್ಪಲ ಹಿಂಗ ಜಗ್ಗಾಕ ಬರ್ತಿದ್ದಿಲ್ಲ. ಒಂದೊಂದ ಎಲಿ ಚೂಟಬೇಕಿತ್ತು. ಇಲ್ಲಂದ್ರ ಗುಂಡಿನೂ ಕೂಡಿ ಬರ್ತಿದ್ವು.”

“ಗುಂಡಿ?”

“ಹೂಂರಿ, ಕೆಂಪನ ಗುಂಡಿ. ಅಂಗಿ ಗುಂಡಿ ಹಂಗ ಚಪ್ಪಟಿ ಇರ್ತಿದ್ವು. ಕಡ್ಡಿ ಬುಡಕ, ಎಲಿ ಕೆಳಗ ಜೋತಾಡತಿದ್ವು. ಕೆಲವು ಕಡೆ ಬಿಳೇ ಕಾಯಿನೂ ಇರ್ತಿದ್ವು. ಹುಡುಗರ ಗಂಟಲಿಗೆ ಸಿಗಬಾರದು ಅಂತ ಎಲ್ಲಾ ತಗದ ಒಗಿತಿದ್ದೆ.”

ನಾನು ಆಕೆಯ ಮುಖವನ್ನೇ ನೋಡಿದೆ. “ಅದು ಹೂ ಅಲ್ಲೇನವ್ವ?”

ಆಕೆಗೆ ನಗು ಬಂತು. ಹತ್ತು ದಿನದಲ್ಲಿ ಮೊದಲ ಸಲ ನಕ್ಕಿರಬೇಕು. “ಅದ್ಹೆಂಗ ಹೂ ಆಕ್ಕೈತ್ರಿ? ಅದನ್ನ ತೆಲಿಗೆ ಮುಡಿಯಾಕ ಬರ್ತೈತೇನು? ದೇವರಿಗೆ ಏರಸಾಕ ಬರ್ತೈತೇನು?”

ಎಲೆಯ ಕೆಳಗೆ ಜೋತಾಡುವ ಕೆಂಪು ಬಿಲ್ಲೆಯಂಥ ಹೂ, ಬಿಳಿ ಗುಂಡುಕಾಯಿ. ಚಕ್ರಮುನಿಯ ಪುಟದಲ್ಲಿ ಇದೇ ಬರೆದಿರುತ್ತದೆ. ಇಷ್ಟು ದಿನ ನಾನು ಹೂ ಹೂ ಎಂದು ಬಡಬಡಿಸಿದ್ದೆ. ಮುಡಿಯುವ ಹೂವನ್ನಷ್ಟೇ ಹೂ ಎನ್ನುವವರು ಇಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಿದ್ದರು. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆದರೆ ಆಕೆಯ ಮಾತನ್ನು ನಂಬಿ ಸಹಿ ಮಾಡುವಂತಿರಲಿಲ್ಲ. ಕೆಲಸ ಉಳಿಸಿಕೊಳ್ಳಲು ಯಾರೋ ಹೇಳಿಕೊಟ್ಟಿದ್ದಾರೆ ಎಂದುಬಿಡುತ್ತಾರೆ. “ಸೋಸಿದ ಕಡ್ಡಿ ಎಲ್ಲಿ ಒಗಿತಿದ್ದಿ?” ಎಂದು ಕೇಳಿದೆ. “ಅಡಿಗಿಮನಿ ಹಿಂದ ತೆಗ್ಗೈತ್ರಿ, ಅದರಾಗ. ಮ್ಯಾಲೆ ಬೂದಿ ಹಾಕ್ತಿದ್ದೆ, ಗೊಬ್ಬರ ಆಗಲಿ ಅಂತ.”

ಹೋಗಿ ನೋಡಿದೆ. ಮೊಣಕಾಲುದ್ದದ ತಗ್ಗು. ಬೂದಿ ಇದ್ದುದರಿಂದ ಆಡುಗಳು ಬಾಯಿ ಹಾಕಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ಕೂತು, ಮೇಲಿನ ಪದರದಿಂದ ಒಂದೊಂದೇ ಕಡ್ಡಿ ತೆಗೆದು ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಈರುಳ್ಳಿ ಸಿಪ್ಪೆ, ಮೆಂತೆ ಬೇರು, ಬದನೆಕಾಯಿ ತೊಟ್ಟು ಬೇರೆ. ಉಳಿದವೆಲ್ಲ ತೆಳ್ಳಗಿನ ಕಡ್ಡಿಗಳು. ಭೂತಗನ್ನಡಿ ಹಿಡಿದೆ. ಎಲೆ ಕಿತ್ತ ಗುರುತುಗಳು ಒಂದು ಈ ಬದಿ, ಒಂದು ಆ ಬದಿ. ಪ್ರತಿ ಗುರುತಿನ ಕಂಕುಳಲ್ಲಿ ಒಂದು ಮೊಗ್ಗು, ಇಲ್ಲವೇ ಒಣಗಿದ ಹೂತೊಟ್ಟು. ಕೆಲವಕ್ಕೆ ಸುರುಟಿದ ಕೆಂಪು ಬಿಲ್ಲೆ ಇನ್ನೂ ಅಂಟಿತ್ತು. ಎರಡು ಕಡ್ಡಿಗಳಲ್ಲಿ ಕಾಯಿಯ ಬಿಳಿ ಸಿಪ್ಪೆ. ತಗ್ಗಿನ ತಳ ಮುಟ್ಟುವವರೆಗೂ ಹುಡುಕಿದೆ. ಗೊಬ್ಬರದ ಗಿಡದ ದಂಟು ಒಂದೂ ಸಿಗಲಿಲ್ಲ. ಆಕೆ ಸೋಸಿ ಒಗೆದ ಕಸ, ಅಷ್ಟು ದಿನದ ಅಡಿಗೆಯ ಲೆಕ್ಕವನ್ನು ಯಾರೂ ತಿದ್ದಲಾಗದಂತೆ ಹೇಳುತ್ತಿತ್ತು. ಕೈಯೆಲ್ಲ ಬೂದಿಯಾಗಿತ್ತು. ನನಗೆ ಕುಣಿಯಬೇಕು ಅನಿಸಿತು.

ಶನಿವಾರ ಮುಖ್ಯಸ್ಥರು ಅರ್ಧ ತಾಸು ಆ ಕಡ್ಡಿಗಳನ್ನು ಮೈಕ್ರೋಸ್ಕೋಪಿನ ಕೆಳಗೆ ತಿರುಗಿಸಿದರು. “ಕಸದಾಗಿಂದ ತಂದಿದ್ದು ಅಂತ ಬರಿಬ್ಯಾಡ್ರಿ,” ಎಂದರು. “ಅದನ್ನ ಮೊದಲ ಬರಿತೀನಿ ಸರ್,” ಎಂದೆ. ಸಹಿ ಹಾಕಿದರು. ಗಿಡ ಚಕ್ರಮುನಿ, ಬೇಯಿಸಿ ಮಿತವಾಗಿ ಉಣ್ಣಬಹುದು, ಹಸಿಯಾಗಿ ಅತಿಯಾಗಿ ತಿನ್ನಬಾರದು, ಮಕ್ಕಳಿಗೆ ವಾಂತಿ ಯಾಕಾಯಿತು ಎಂಬುದನ್ನು ಎಲೆ ನೋಡಿ ಹೇಳಲು ಬರುವುದಿಲ್ಲ ಎಂದು ಬರೆದೆ. ಸೋಮವಾರ ಪತ್ರ ತಲುಪಿತು. ಸಹಾಯಕಿ ಕೆಲಸಕ್ಕೆ ಬರಬಹುದು ಎಂದು ಆದೇಶವೂ ಆಯಿತು.

ಮುಂದಿನ ವಾರ ತಾಯಂದಿರ ಸಭೆಗೆ ನನ್ನನ್ನು ಕರೆದರು. ನರ್ಸರಿಯವರು ಈ ಸಲ ಬರೀ ಚಕ್ರಮುನಿ ಕಡ್ಡಿಗಳ ಒಂದು ಕಟ್ಟು ಕಳಿಸಿದ್ದರು. ಹೂವಿರುವ ಟೊಂಗೆ ಹಿಡಿದು ಎಲ್ಲ ತೋರಿಸಿದೆ. ತಾಯಂದಿರು ಒಬ್ಬರಾದ ಮೇಲೊಬ್ಬರು ಭೂತಗನ್ನಡಿಯಲ್ಲಿ ನೋಡಿದರು. “ಅಯ್ಯ, ಎಷ್ಟ ಚಂದ ಐತಿ,” ಎಂದು ಬಾಯಿಮೇಲೆ ಕೈ ಇಟ್ಟುಕೊಂಡರು. ಬೇಲಿಯದನ್ನು ಹರಿಯುವುದನ್ನು ದಿನಾ ನೋಡಿದ್ದೇನೆ ಎಂದಿದ್ದಾಕೆ, “ಇದು ಹಚ್ಚಿದ್ರ ಬರ್ತೈತೇನ್ರಿ ಅಕ್ಕೋರ?” ಎಂದು ಕೇಳಿದಳು. ಕಡ್ಡಿ ಊರಿ ನೀರು ಹಾಕಿದರೆ ಬರುತ್ತದೆ ಎಂದೆ. ಎಲ್ಲರೂ ಮುತ್ತಿಕೊಂಡರು. ಸಹಾಯಕಿಯೇ ಕಟ್ಟು ಬಿಚ್ಚಿಟ್ಟಳು. ಅವರು ಬಗ್ಗಿ ತಾವೇ ಎರಡೆರಡು ಕಡ್ಡಿ ಆರಿಸಿಕೊಂಡರು. ನಾನು ಗೆದ್ದೆ ಎಂದುಕೊಂಡೆ.

ಊಟದ ಹೊತ್ತಾಯಿತು. ತಾಯಂದಿರು ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ತಂತಮ್ಮ ಮಕ್ಕಳನ್ನು ಹಿಡಿದು ಗೇಟಿನ ಕಡೆ ನಡೆದರು. ಒಳಗೆ ಐದು ಮಕ್ಕಳು ಉಳಿದರು. ಐದೂ ಕೇರಿಯವು.

ನಾನು ಓಡಿಹೋಗಿ ಒಬ್ಬಾಕೆಯನ್ನು ತಡೆದೆ. “ತಪ್ಪಲ ಛಲೋ ಐತಿ ಅಂತ ಒಪ್ಪಿದ್ರೆಲ್ಲವ್ವ?”

“ತಪ್ಪಲ ಛಲೋ ಐತ್ರಿ. ಅದಕ್ಕ ಒಯ್ಯಾಕ್ಹತ್ತೀವಲ್ರಿ. ನಮ್ಮ ಮನ್ಯಾಗ ನಮ್ಮ ಕೈಲೆ ಮಾಡಿ ಹಾಕ್ತೀವಿ,” ಎಂದು ನಗುನಗುತ್ತಲೇ ಹೋದಳು.

ಕಾರ್ಯಕರ್ತೆ ನೆಲ ನೋಡುತ್ತ ನಿಂತಿದ್ದ ರೀತಿಯಲ್ಲೇ ನನಗೆ ಉಳಿದದ್ದು ಗೊತ್ತಾಯಿತು. ಆದರೂ ಕೇಳಿದೆ. “ಮೊದ್ಲಿನ ಸಹಾಯಕಿ ಊರೊಳಗಿನಾಕಿ ಇದ್ಲ್ರಿ. ಈಕಿ ಸೇರಿದಾಗಿಂದ ಹಿಂಗ. ಹುಡುಗ್ರು ವಾಂತಿ ಮಾಡೂದಕ್ಕಿಂತ ಮೊದ್ಲ ಒಂದೊಂದ ನೆಪ ಹೇಳಿ ಕರಕೊಂಡು ಹೋಗ್ತಿದ್ರು,” ಎಂದರು. ಮೈ ಉರಿದುಹೋಯಿತು. ಊರವರ ಮೇಲಿನ ಸಿಟ್ಟಿಗಿಂತ, ಬೂದಿಯಲ್ಲಿ ಕೂತು ಕುಣಿಯಬೇಕೆಂದುಕೊಂಡ ನನ್ನ ಮೇಲಿನ ಸಿಟ್ಟು ಹೆಚ್ಚಾಗಿತ್ತು. ಅವರು ಗಿಡದ ಹೆಸರನ್ನು ಕೇಳಿಯೇ ಇರಲಿಲ್ಲ. ಅವರ ಮಾತು ಮೊದಲಿಂದಲೂ ಬಡಿಸುವ ಕೈಯ ಬಗ್ಗೆ ಇತ್ತು.

ಸಹಾಯಕಿ ಬೋಗುಣಿ ಹಿಡಿದು ಬಂದಳು. ನನ್ನ ಮುಂದೆ ಒಂದು ಗಳಿಗೆ ತಡೆದು, “ನಿಮಗೂ ಹಾಕ್ಲೇನ್ರಿ?” ಎಂದು ಮೆಲ್ಲಗೆ ಕೇಳಿದಳು. ನಾನು ಮಕ್ಕಳ ಸಾಲಿನಲ್ಲಿ ಕೂತೆ. “ಹಿಂಗ ಮಾಡ್ತಾರಂತ ಗೊತ್ತಿತ್ತೇನು ನಿನಗ? ಮತ್ತ ನನ್ನ ಕೈಲೆ ಯಾಕ ಅಷ್ಟ ಕಸ ಕೆದರಿಸಿದಿ?” ಎಂದು ಆಕೆಯ ಮೇಲೆಯೇ ರೇಗಿದೆ.

ಆಕೆ ಕೊನೆಯ ಮಗುವಿನ ತಟ್ಟೆಗೆ ಬೇಳೆ ಹಾಕಿ ಸೌಟನ್ನು ಬೋಗುಣಿಗೆ ಇಟ್ಟಳು.

“ಗೊತ್ತಿತ್ರಿ. ಆದ್ರ ಇಷ್ಟ ದಿನ ತಪ್ಪಲ ಸರಿ ಇಲ್ಲ ಅಂತಿದ್ರು. ಇನ್ನ ಹಂಗ ಅನ್ನಾಕ ಬರಂಗಿಲ್ಲ. ಇನ್ನ ಏನೈತಿ ಅದನ್ನ ನನ್ನ ಮಾರಿ ನೋಡಿ ಬಾಯಿಬಿಟ್ಟ ಹೇಳಬೇಕು.”